ಗುಂಡಿ ತುಂಬಿದ ಮೇಲೆ: ಶೌಚಗುಂಡಿಯ ಹೂಳು ಮತ್ತು ಅದರ ನಿರ್ವಹಣೆ

ದಿಂಡಿಗಲ್ ಜಿಲ್ಲೆಯ ಬತ್ತಲಗುಂಡು ಕೊಡೈಕಾನಲ್ ಬೆಟ್ಟದ ಬುಡದಲ್ಲಿರುವ ಪಟ್ಟಣ. ಬೆಟ್ಟದಿಂದ ಇಳಿದು ಬರುವ ಮಂಜಳಾರು ಈ ಸೀಮೆಯನ್ನು ಹಾಯ್ದು ವೈಗೈ ನದಿಯನ್ನು ಸೇರುತ್ತದೆ; ವೈಗೈ ಮುಂದೆ ಮದುರೆಯತ್ತ ಹರಿಯುತ್ತದೆ. ಪಶ್ಚಿಮಕ್ಕೆ ಥೇಣಿ, ಅದರಾಚೆ ಕಂಬಂ ಕಣಿವೆ. ತಲೆಮಾರುಗಳಿಂದ ಕನ್ನಡ ಮಾತನಾಡುವ ಮನೆಗಳು ಈ ಭಾಗದ ಊರುಗಳಲ್ಲಿ ಇವೆ. ಇಲ್ಲಿನ ಅಧ್ಯಾಪಕರು ಪರಿಸರ ವಿಜ್ಞಾನದ ಪಾಠದಲ್ಲಿ ನೀರು, ನೈರ್ಮಲ್ಯ ಮತ್ತು ರೋಗಗಳ ವಿಷಯವನ್ನು ಬೋಧಿಸುವಾಗ ಪಠ್ಯದಲ್ಲಿ ಒಂದು ದೊಡ್ಡ ಅಂತರವನ್ನು ಕಾಣುತ್ತಾರೆ. ಶೌಚಾಲಯವನ್ನು ಏಕೆ ಕಟ್ಟಬೇಕು ಎಂಬುದನ್ನು ಪುಸ್ತಕ ಹೇಳುತ್ತದೆ. ಕಟ್ಟಿದ ಶೌಚಾಲಯದ ಗುಂಡಿ ತುಂಬಿದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ತರಗತಿಯಲ್ಲಿ ಒಂದು ಸರಳ ಪ್ರಶ್ನೆಯಿಂದ ಪಾಠವನ್ನು ಆರಂಭಿಸಬಹುದು. ಮನೆಯ ಶೌಚಾಲಯದಲ್ಲಿ ಸುರಿದ ನೀರು ಎಲ್ಲಿಗೆ ಹೋಗುತ್ತದೆ? ಮಕ್ಕಳು “ಟ್ಯಾಂಕಿಗೆ” ಎನ್ನುತ್ತಾರೆ. ಟ್ಯಾಂಕ್ ತುಂಬಿದರೆ? “ಲಾರಿ ಬರುತ್ತದೆ.” ಲಾರಿ ಎಲ್ಲಿಗೆ ಹೋಗುತ್ತದೆ? ಇಲ್ಲಿ ತರಗತಿ ಸುಮ್ಮನಾಗುತ್ತದೆ. ದೊಡ್ಡವರನ್ನು ಕೇಳಿದರೂ ಬಹುತೇಕ ಇದೇ ಮೌನ. ಈ ಮೌನವೇ ಪಾಠದ ಆರಂಭಸ್ಥಾನ.

ಪದಗಳ ವಿಚಾರ

ಈ ವಿಷಯವನ್ನು ಹೇಳಲು ಯಾವ ಪದಗಳನ್ನು ಬಳಸಬೇಕೆಂಬ ಸಂಕೋಚ ಅಧ್ಯಾಪಕರಿಗೆ ಸಹಜ. ಮಕ್ಕಳು ನಗುತ್ತಾರೆ, ಮೂಗು ಮುಚ್ಚಿಕೊಳ್ಳುತ್ತಾರೆ. ಒಂದೆರಡು ನಿಮಿಷ ಹಾಗಾಗಲು ಬಿಡುವುದೇ ಲೇಸು. ಮಲ, ಮೂತ್ರ, ಹೂಳು, ಗಸಿ ಇವೆಲ್ಲ ಮರ್ಯಾದೆಯ ಪದಗಳೇ. ಕೆರೆಯ ತಳದಲ್ಲಿ ಕೂತದ್ದು ಹೂಳು. ಎಣ್ಣೆಯ ಪಾತ್ರೆಯ ತಳದಲ್ಲಿ ಕೂತದ್ದು ಗಸಿ. ಶೌಚಗುಂಡಿಯ ತಳದಲ್ಲಿ ಕೂತದ್ದನ್ನು ಶೌಚಗುಂಡಿಯ ಹೂಳು ಎಂದರೆ ಎಂಥ ಮಗುವಿಗೂ ಅರ್ಥವಾಗುತ್ತದೆ. ತಮಿಳುನಾಡಿನ ಸರ್ಕಾರಿ ಪ್ರಕಟಣೆಗಳಲ್ಲಿ ಇದಕ್ಕೆ ‘ಮಲಕ್ಕಸಡು’ ಎಂಬ ಪದವಿದೆ. ಮಕ್ಕಳು ಫಲಕಗಳ ಮೇಲೆ ಈ ತಮಿಳು ಪದವನ್ನು ಓದಿರುವ ಸಂಭವವುಂಟು. ಕನ್ನಡದ ‘ಕಸ’ ಅದಕ್ಕೆ ಎಷ್ಟು ಹತ್ತಿರವಾಗಿ ಕೇಳಿಸುತ್ತದೆ ಎಂದು ತೋರಿಸಿದರೆ ಎರಡು ಭಾಷೆಗಳ ನಡುವೆ ಬದುಕುವ ವಿದ್ಯಾರ್ಥಿಗೆ ಪಾಠ ಸುಲಭವಾಗುತ್ತದೆ. ಕರ್ನಾಟಕದ ಪಂಚಾಯತಿಗಳಲ್ಲಿ ‘ಮಲತ್ಯಾಜ್ಯ ನಿರ್ವಹಣೆ’ ಎಂಬ ಪ್ರಯೋಗ ರೂಢಿಯಲ್ಲಿದೆ. ಹೂಳೆತ್ತುವ ಲಾರಿಯನ್ನು ಅಲ್ಲಿಯ ಜನ ‘ಸಕ್ಕಿಂಗ್ ಮಷಿನ್’ ಎಂದೇ ಕರೆಯುತ್ತಾರೆ.

ಗುಂಡಿಯೊಳಗೆ ನಡೆಯುವುದು

ಕೊಳವೆಗಳ ಮೂಲಕ ಇಡೀ ಊರಿನ ಕೊಳಚೆಯನ್ನು ಒಯ್ಯುವ ಒಳಚರಂಡಿ ದೊಡ್ಡ ನಗರಗಳ ಸೌಕರ್ಯ. ಅಲ್ಲಿಯೂ ಅದು ಎಲ್ಲ ಬಡಾವಣೆಗಳನ್ನು ಮುಟ್ಟಿರುವುದಿಲ್ಲ. ಸಣ್ಣ ಪಟ್ಟಣ ಮತ್ತು ಹಳ್ಳಿಗಳಲ್ಲಿ ಮನೆಯ ಪಕ್ಕದ ಗುಂಡಿಯೇ ಗತಿ. ಈ ಗುಂಡಿಗಳು ಒಂದೇ ಬಗೆಯವಲ್ಲ. ಬಗೆಗಳ ವ್ಯತ್ಯಾಸ ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ.

ಸೆಪ್ಟಿಕ್ ಟ್ಯಾಂಕ್ ಎಂದರೆ ತಳ ಮತ್ತು ಗೋಡೆಗಳಿಂದ ನೀರು ಸೋರದಂತೆ ಗಾರೆ ಮಾಡಿದ, ಸಾಮಾನ್ಯವಾಗಿ ಎರಡು ಕೋಣೆಗಳಾಗಿ ವಿಂಗಡಿಸಿದ ತೊಟ್ಟಿ. ಒಳಬಂದ ಮಲಿನ ನೀರು ಒಂದೆರಡು ದಿನ ಅಲ್ಲಿ ನಿಲ್ಲುತ್ತದೆ. ಭಾರವಾದದ್ದು ತಳಕ್ಕೆ ಇಳಿದು ಹೂಳಾಗುತ್ತದೆ. ಎಣ್ಣೆ, ಜಿಡ್ಡು ಮೊದಲಾದ ಹಗುರ ವಸ್ತುಗಳು ಮೇಲೆ ಕೆನೆಗಟ್ಟುತ್ತವೆ. ನಡುವಿನ ನೀರು ಹೊರಕೊಳವೆಯ ಮೂಲಕ ಇಂಗುಗುಂಡಿಗೆ ಹೋಗುತ್ತದೆ. ತಳದ ಹೂಳಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಕೊಳೆಸುತ್ತವೆ. ಹೂಳಿನ ಗಾತ್ರ ಇದರಿಂದ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಎರಡು ಮೂರು ವರ್ಷಗಳಿಗೊಮ್ಮೆ ಹೂಳನ್ನು ತೆಗೆಸಬೇಕೆಂಬುದು ಭಾರತೀಯ ಮಾನಕ. ತೆಗೆಸದಿದ್ದರೆ ಹೂಳಿನ ಮಟ್ಟ ಏರಿ, ನೀರು ನಿಲ್ಲಲು ಜಾಗವಿಲ್ಲದೆ, ಹಸಿ ಮಲವೇ ಹೊರಕೊಳವೆಯಿಂದ ಹರಿಯತೊಡಗುತ್ತದೆ.

ಜೋಡಿಗುಂಡಿ ಬೇರೊಂದು ಕ್ರಮ. 1970ರಲ್ಲಿ ಬಿಹಾರದಲ್ಲಿ ಬಿಂದೇಶ್ವರ ಪಾಠಕ್ ಅವರು ಸ್ಥಾಪಿಸಿದ ಸುಲಭ್ ಸಂಸ್ಥೆ ಇದನ್ನು ದೇಶದಲ್ಲಿ ಜನಪ್ರಿಯಗೊಳಿಸಿತು. ಇದರಲ್ಲಿ ಅಕ್ಕಪಕ್ಕದಲ್ಲಿ ಎರಡು ಗುಂಡಿಗಳು, ಗೋಡೆಯ ಇಟ್ಟಿಗೆಗಳ ನಡುವೆ ಸಂದುಗಳು, ತಳಕ್ಕೆ ಗಾರೆಯಿಲ್ಲ. ನೀರು ಮಣ್ಣಿಗೆ ಇಂಗುತ್ತದೆ, ಘನ ಉಳಿಯುತ್ತದೆ. ಒಂದು ತುಂಬಿದಾಗ ಕವಲು ತೊಟ್ಟಿಯಲ್ಲಿ ದಾರಿ ಬದಲಿಸಿ ಇನ್ನೊಂದನ್ನು ಬಳಸಲಾಗುತ್ತದೆ. ಮುಚ್ಚಿಟ್ಟ ಮೊದಲನೆಯದು ಒಂದೂವರೆಯಿಂದ ಎರಡು ವರ್ಷಗಳಲ್ಲಿ ವಾಸನೆಯಿಲ್ಲದ, ಮಣ್ಣಿನಂಥ ಗೊಬ್ಬರವಾಗುತ್ತದೆ. ನಮ್ಮ ರೈತರು ತಿಪ್ಪೆಯನ್ನು ಮಾಗಲು ಬಿಡುವ ವಿವೇಕವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಇದನ್ನು ಲೆಕ್ಕದ ಪಾಠವಾಗಿಯೂ ಮಾಡಬಹುದು. 1 ಮೀಟರ್ ವ್ಯಾಸ, 1 ಮೀಟರ್ ಆಳದ ಗುಂಡಿಯ ಗಾತ್ರ ಸುಮಾರು 0.785 ಘನ ಮೀಟರ್, ಅಂದರೆ 785 ಲೀಟರ್. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಗುಂಡಿಯಲ್ಲಿ ಉಳಿಯುವ ಹೂಳು 40 ಲೀಟರ್ ಎಂದಿಟ್ಟುಕೊಂಡರೆ ಐದು ಜನರ ಮನೆಗೆ 200 ಲೀಟರ್. ಗುಂಡಿ ತುಂಬಲು ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ. ಎರಡನೆಯ ಗುಂಡಿ ತುಂಬುವುದರೊಳಗೆ ಮೊದಲನೆಯದು ಮಾಗಿ, ತೆಗೆದು, ಖಾಲಿಯಾಗಿರುತ್ತದೆ. ಒಂದೇ ಒಂದು ಮೀಟರ್ ಆಳದ ಎರಡು ಗುಂಡಿಗಳು ಒಂದು ಸಂಸಾರಕ್ಕೆ ಸಾಕೆಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಲಿ, ಏಕೆಂದರೆ ಊರಿನಲ್ಲಿ ಅವರು ಕಾಣುವುದು ಬೇರೆಯದೇ ದೃಶ್ಯ.

ಹೆಚ್ಚಿನ ಮನೆಗಳವರು ಕಾಂಕ್ರೀಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸಿ ಹದಿನೈದು, ಇಪ್ಪತ್ತು ಅಡಿ ಆಳದ ಒಂಟಿ ಗುಂಡಿಯನ್ನು ಮಾಡಿಸುತ್ತಾರೆ. “ನಮ್ಮ ಟ್ಯಾಂಕ್ ಇಪ್ಪತ್ತು ವರ್ಷದಿಂದ ತುಂಬೇ ಇಲ್ಲ” ಎಂದು ಹೆಮ್ಮೆಯಿಂದ ಹೇಳುವ ಯಜಮಾನರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ತುಂಬದ ಗುಂಡಿ ಎಲ್ಲಿಗೋ ಖಾಲಿಯಾಗುತ್ತಿದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಗುಂಡಿ ಅಂತರ್ಜಲದ ಮಟ್ಟವನ್ನು ಮುಟ್ಟಿದರೆ ಮಲದ ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರವಾಗಿ ಕುಡಿಯುವ ನೀರಿಗೆ ಸೇರುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 10 ಮೀಟರ್ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಆದರೆ ದಿಂಡಿಗಲ್ ಸೀಮೆಯ ನೆಲದಡಿ ಬಹುಮಟ್ಟಿಗೆ ಗಟ್ಟಿ ಬಂಡೆ. ಬಂಡೆಯ ಬಿರುಕುಗಳಲ್ಲಿ ನೀರು ಸೋಸದೆ ದೂರ ಓಡುತ್ತದೆ. ಮರಳು ಮಿಶ್ರಿತ ಮಣ್ಣಿನಲ್ಲಿ ಸಾಕಾಗುವ ಅಂತರ ಇಲ್ಲಿ ಸಾಲದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರತಿ ಲೀಟರಿಗೆ 45 ಮಿಲಿಗ್ರಾಮ್ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಆ ಮಿತಿಯನ್ನು ಮೀರಿಸುವುದರಲ್ಲಿ ಹೊಲದ ರಾಸಾಯನಿಕ ಗೊಬ್ಬರದಂತೆ ಮನೆಯ ಶೌಚಗುಂಡಿಗೂ ಪಾಲಿದೆ.

ಒಂದು ಗಾಜಿನ ಜಾಡಿಯ ಪ್ರಯೋಗ

ಸೆಪ್ಟಿಕ್ ಟ್ಯಾಂಕಿನ ಕೆಲಸವನ್ನು ತೋರಿಸಲು ದೊಡ್ಡ ಗಾಜಿನ ಜಾಡಿ ಸಾಕು. ಅದರಲ್ಲಿ ನೀರು, ಎರಡು ಹಿಡಿ ಹೊಲದ ಮಣ್ಣು, ಒಂದಿಷ್ಟು ಕಡಲೆಕಾಯಿ ಸಿಪ್ಪೆಯ ಪುಡಿ, ಒಂದು ಚಮಚ ಎಣ್ಣೆ, ಎರಡು ಹನಿ ಶಾಯಿ ಹಾಕಿ ಚೆನ್ನಾಗಿ ಕಲಕಿ ಇಡಬೇಕು. ಮರುದಿನದ ವೇಳೆಗೆ ಮೂರು ಪದರಗಳು ಕಾಣುತ್ತವೆ. ತಳದಲ್ಲಿ ಮಣ್ಣು, ಮೇಲೆ ಎಣ್ಣೆ ಮತ್ತು ಸಿಪ್ಪೆ, ನಡುವೆ ನೀರು. ಆ ನಡುವಿನ ನೀರಿನಲ್ಲಿ ಶಾಯಿಯ ಬಣ್ಣ ಉಳಿದೇ ಇರುತ್ತದೆ. ಕರಗಿದ ವಸ್ತು ಮತ್ತು ಕಣ್ಣಿಗೆ ಕಾಣದ ರೋಗಾಣು ತಳಕ್ಕೆ ಕೂರುವುದಿಲ್ಲ ಎಂಬುದಕ್ಕೆ ಈ ಬಣ್ಣವೇ ಸಂಕೇತ. ಸೆಪ್ಟಿಕ್ ಟ್ಯಾಂಕಿನ ಹೊರಕೊಳವೆಯನ್ನು ಬೀದಿಯ ಚರಂಡಿಗೆ ಬಿಟ್ಟ ಮನೆಯವರು “ತಿಳಿನೀರು ತಾನೇ” ಎನ್ನುವ ವಾದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಾರದು. ಈ ಪ್ರಯೋಗಕ್ಕೆ ನಿಜವಾದ ಕೊಳಚೆಯನ್ನು ಯಾವ ಕಾರಣಕ್ಕೂ ಬಳಸಕೂಡದು.

ಹೂಳಿನಲ್ಲಿ ಏನಿದೆ?

ಲಾರಿ ಹೀರಿಕೊಂಡು ಹೋಗುವ ಹೂಳಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಉಳಿದ ಸ್ವಲ್ಪ ಘನದಲ್ಲಿ ಸಾರಜನಕ, ರಂಜಕ, ಪೊಟ್ಯಾಶ್‌ಗಳು ಇರುವುದರಿಂದ ಅದು ಬೆಳೆಗೆ ಆಹಾರ. ಟೈಫಾಯಿಡ್, ಕಾಲರಾ, ಕಾಮಾಲೆ ಮತ್ತು ಭೇದಿಯ ರೋಗಾಣುಗಳು ಇರುವುದರಿಂದ ಅದು ಮನುಷ್ಯನಿಗೆ ಅಪಾಯ. ಎಲ್ಲಕ್ಕಿಂತ ಹಠಮಾರಿ ಎಂದರೆ ಜಂತುಹುಳುವಿನ ಮೊಟ್ಟೆ. ದಪ್ಪ ಚಿಪ್ಪಿನ ಈ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವಂತವಾಗಿರಬಲ್ಲವು. ಶಾಲೆಗಳಲ್ಲಿ ವರ್ಷಕ್ಕೆ ಎರಡು ಬಾರಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುವುದನ್ನು ಅಧ್ಯಾಪಕರು ಬಲ್ಲರು. ಆ ಮಾತ್ರೆಗೂ ಊರಾಚೆ ಸುರಿದ ಹೂಳಿಗೂ ಇರುವ ಸಂಬಂಧವನ್ನು ಮಾತ್ರೆ ಕೊಡುವ ದಿನವೇ ಹೇಳಿಕೊಡಬಹುದು. ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ. ಬರಿಗಾಲಲ್ಲಿ ಆಡಿದ ಮಣ್ಣಿನಿಂದ, ತೊಳೆಯದ ತರಕಾರಿಯಿಂದ ಹೊಸ ಹುಳು ಬರುವುದನ್ನು ಅದು ತಡೆಯುವುದಿಲ್ಲ.

ಲಾರಿಯ ದಾರಿ

ಹೂಳನ್ನು ಹೀರುವ ಲಾರಿಯವರು ಅದನ್ನು ಎಲ್ಲೆಂದರಲ್ಲಿ ಸುರಿಯುತ್ತಾರೆ ಎಂಬ ದೂರು ಎಲ್ಲ ಕಡೆಯೂ ಇದೆ. ದೂರುವುದಕ್ಕೆ ಮೊದಲು ಅವರ ಲೆಕ್ಕವನ್ನೂ ನೋಡಬೇಕು. ಮನೆಯವರು ಕೊಡುವುದು ಒಂದು ಲೋಡಿನ ಹಣ. ಸಂಸ್ಕರಣ ಘಟಕ ಮೂವತ್ತು, ನಲವತ್ತು ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರುವ ಡೀಸೆಲ್ ಮತ್ತು ಅರ್ಧ ದಿನದ ದುಡಿಮೆ ಆ ಹಣವನ್ನು ನುಂಗುತ್ತದೆ. ಹತ್ತಿರದ ಹಳ್ಳದಂಚು ಪುಕ್ಕಟೆ. ತೋಟದವರೇ ಕರೆದು ತೆಂಗು, ಬಾಳೆಗೆ ಹಾಕಿಸಿಕೊಳ್ಳುವುದೂ ಉಂಟು. ಬೆಂಗಳೂರಿನ ಸುತ್ತಲಿನ ರೈತರು ಬಹಳ ಕಾಲ ಹೀಗೆ ಮಾಡಿದ್ದಾರೆ. ಅದರಿಂದ ಬೆಳೆ ಚೆನ್ನಾಗಿ ಬರುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಹಸಿ ಹೂಳನ್ನು ಬರಿಗೈಯಲ್ಲಿ ಮುಟ್ಟುವ, ಬರಿಗಾಲಲ್ಲಿ ತುಳಿಯುವ ಕೂಲಿಯವರು ಆ ಲಾಭದ ಬೆಲೆಯನ್ನು ತೆರುತ್ತಾರೆ.

ಒಂದು ಊರಿಗೆ ಎಷ್ಟು ಸಾಮರ್ಥ್ಯದ ಘಟಕ ಬೇಕು? ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಹೀಗೊಂದು ಲೆಕ್ಕ ಕೊಡಬಹುದು. ಊರಿನಲ್ಲಿ 5,000 ಮನೆಗಳಿವೆ. ಪ್ರತಿ ಮನೆಯ ಟ್ಯಾಂಕಿನಿಂದ ಮೂರು ವರ್ಷಕ್ಕೊಮ್ಮೆ 3 ಘನ ಮೀಟರ್ ತೆಗೆಯಬೇಕು. ವರ್ಷಕ್ಕೆ 5,000 ಘನ ಮೀಟರ್. ವರ್ಷದಲ್ಲಿ 300 ದಿನ ಕೆಲಸ ನಡೆದರೆ ದಿನಕ್ಕೆ ಸುಮಾರು 16,700 ಲೀಟರ್. 4,000 ಲೀಟರಿನ ಲಾರಿಗೆ ನಾಲ್ಕು ಲೋಡಿಗಿಂತ ಸ್ವಲ್ಪ ಹೆಚ್ಚು. ಎಲ್ಲರೂ ತುಂಬಿ ಹರಿದ ಮೇಲೆಯೇ ಲಾರಿ ಕರೆಯುವುದರಿಂದ ಮಳೆಗಾಲದಲ್ಲಿ ಒಮ್ಮೆಗೇ ಹತ್ತು ಕರೆಗಳು ಬರುತ್ತವೆ, ಬೇಸಿಗೆಯಲ್ಲಿ ಲಾರಿ ಸುಮ್ಮನೆ ನಿಂತಿರುತ್ತದೆ. ಬೀದಿಯ ಸರದಿಯಂತೆ ನಿಗದಿತ ದಿನದಲ್ಲಿ ತೆಗೆಯುವ ವ್ಯವಸ್ಥೆ ಮಾಡಿದರೆ ಮಾತ್ರ ಲೆಕ್ಕ ಕೂಡುತ್ತದೆ.

ದೇವನಹಳ್ಳಿಯ ಘಟಕ

ಇದನ್ನು ಮೊದಲಿಗೆ ಮಾಡಿ ತೋರಿಸಿದ ಕನ್ನಡ ನಾಡಿನ ಊರು ದೇವನಹಳ್ಳಿ. ಟಿಪ್ಪು ಸುಲ್ತಾನ್ ಹುಟ್ಟಿದ ಊರು, ಚಕ್ಕೋತ ಹಣ್ಣಿಗೆ ಹೆಸರಾದ ಊರು, ಈಗ ಬೆಂಗಳೂರಿನ ವಿಮಾನ ನಿಲ್ದಾಣದ ನೆರೆಯ ಊರು. ಒಳಚರಂಡಿಯಿಲ್ಲದ ಈ ಪಟ್ಟಣದಲ್ಲಿ 2015ರಲ್ಲಿ ಪುರಸಭೆಯ ಸಹಯೋಗದೊಂದಿಗೆ ಸಿಡಿಡಿ ಸೊಸೈಟಿ ಎಂಬ ಬೆಂಗಳೂರಿನ ಸಂಸ್ಥೆ ಶೌಚಗುಂಡಿಯ ಹೂಳನ್ನೇ ಸಂಸ್ಕರಿಸುವ ಘಟಕವನ್ನು ನಿರ್ಮಿಸಿತು. ಊರಿನ ಹೂಳಿಗಾಗಿಯೇ ಕಟ್ಟಿದ ಇಂಥ ಘಟಕಗಳಲ್ಲಿ ದೇಶದಲ್ಲೇ ಇದು ಮೊದಲನೆಯದೆಂದು ಎಣಿಸಲಾಗಿದೆ. ಇದರ ಸಾಮರ್ಥ್ಯ ದಿನಕ್ಕೆ 6 ಘನ ಮೀಟರ್; ಮೇಲಿನ ಲೆಕ್ಕದ ಲಾರಿಗಳಲ್ಲಿ ಒಂದೂವರೆ ಲೋಡು. ಇಷ್ಟು ಚಿಕ್ಕದಾಗಿ ಆರಂಭಿಸಬಹುದು ಎಂಬುದೇ ಇದರ ದೊಡ್ಡ ಪಾಠ.

ಕೆಲಸದ ಕ್ರಮ ಹೀಗಿದೆ. ಲಾರಿ ತಂದ ಹೂಳು ಮೊದಲು ಜಾಲರಿಯನ್ನು ಹಾಯುತ್ತದೆ. ಬಟ್ಟೆ, ಪ್ಲಾಸ್ಟಿಕ್, ಮುಟ್ಟಿನ ಪ್ಯಾಡು ಮೊದಲಾಗಿ ಶೌಚಾಲಯಕ್ಕೆ ಹಾಕಬಾರದ್ದೆಲ್ಲ ಅಲ್ಲಿ ನಿಲ್ಲುತ್ತದೆ. (ಪ್ರೌಢಶಾಲೆಯ ಹುಡುಗಿಯರಿಗೆ ಪ್ಯಾಡನ್ನು ಎಲ್ಲಿ ಹಾಕಬೇಕೆಂದು ಹೇಳುವುದರ ಜೊತೆಗೆ, ಹಾಕಲು ಒಂದು ಮುಚ್ಚಳದ ಡಬ್ಬಿಯನ್ನು ಶಾಲೆ ಇಟ್ಟಿರಬೇಕು, ಡಬ್ಬಿ ಇಲ್ಲದೆ ಬುದ್ಧಿ ಹೇಳಿ ಫಲವಿಲ್ಲ.) ಅನಂತರ ಗಾಳಿಯಿಲ್ಲದ ತೊಟ್ಟಿಗಳಲ್ಲಿ ಹೂಳು ಮತ್ತಷ್ಟು ಕೊಳೆತು ಹದಕ್ಕೆ ಬರುತ್ತದೆ. ಅಲ್ಲಿಂದ ಒಣಗಿಸುವ ಪಾತಿಗಳಿಗೆ ಬಿಡಲಾಗುತ್ತದೆ. ಪಾತಿಯ ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕಿಂತ ಮೇಲೆ ಮರಳು. ನೀರು ಕೆಳಗೆ ಸೋಸಿ ಹೋಗುತ್ತದೆ. ಮೇಲೆ ಉಳಿದದ್ದು ಬಿಸಿಲಿಗೆ ಒಣಗಿ ಕೆರೆಯ ತಳದ ಮಣ್ಣಿನಂತೆ ಬಿರುಕು ಬಿಡುತ್ತದೆ. ಸೋಸಿದ ನೀರನ್ನೂ ಹಾಗೆಯೇ ಬಿಡುವುದಿಲ್ಲ. ಅದು ಇನ್ನೊಂದು ತೊಟ್ಟಿಯನ್ನೂ, ಗಿಡ ನೆಟ್ಟ ಜಲ್ಲಿಯ ಹಾಸನ್ನೂ ದಾಟಿ ಬರುತ್ತದೆ. ಗಿಡಗಳ ಬೇರಿನ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ತಿನ್ನುತ್ತವೆ. ಹೂಳು ಮತ್ತು ನೀರು ಬಹುಮಟ್ಟಿಗೆ ಇಳಿಜಾರಿನ ಬಲದಿಂದಲೇ ಸಾಗುವಂತೆ ಇಂಥ ಘಟಕಗಳನ್ನು ಕಟ್ಟುವುದರಿಂದ ವಿದ್ಯುತ್ತಿನ ಖರ್ಚು ಅಲ್ಪ.

ಒಣಗಿದ ಹೂಳನ್ನು ಊರಿನ ಹಸಿ ಕಸದೊಂದಿಗೆ ರಾಶಿ ಹಾಕಿ ಕಾಂಪೋಸ್ಟ್ ಮಾಡಲಾಗುತ್ತದೆ. ರಾಶಿಯೊಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ಮೀರಿ ಹಲವು ದಿನ ಉಳಿದಾಗ ಹಠಮಾರಿ ಜಂತುಹುಳುವಿನ ಮೊಟ್ಟೆಗಳೂ ಸಾಯುತ್ತವೆ. ಆದ್ದರಿಂದ ರಾಶಿಯನ್ನು ಮಗುಚಿ ಹಾಕಿ ಹೊರಗಿನದು ಒಳಗೆ ಹೋಗುವಂತೆ ಮಾಡಬೇಕು. ಒಣಗಿಸುವುದು ಮತ್ತು ಬೇಯಿಸುವುದು ಬೇರೆ ಬೇರೆ ಕೆಲಸಗಳೆಂದು ವಿದ್ಯಾರ್ಥಿಗಳಿಗೆ ತಿಳಿಯಬೇಕು. ಕೇವಲ ಒಣಗಿದ ಹೂಳು ನೋಡಲು ಗೊಬ್ಬರದಂತಿದ್ದರೂ ಸುರಕ್ಷಿತವೆಂದು ಹೇಳಲಾಗದು.

ತಮಿಳುನಾಡು ಸರ್ಕಾರ 2014ರಲ್ಲಿಯೇ ಈ ಹೂಳಿನ ನಿರ್ವಹಣೆಗೆ ಸ್ಥಳೀಯ ಸಂಸ್ಥೆಗಳಿಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಚೆಂಗಲ್‌ಪಟ್ಟು ಭಾಗದ ಕರುಂಗುಳಿಯಲ್ಲಿ ಕಟ್ಟಿದ ಘಟಕ ನೆರೆಯ ಮಧುರಾಂತಕಂ ಪಟ್ಟಣದ ಹೂಳನ್ನೂ ಸ್ವೀಕರಿಸುತ್ತದೆ. ಪ್ರತಿ ಸಣ್ಣ ಊರಿಗೂ ಒಂದು ಘಟಕ ಕಟ್ಟುವ ಬದಲು ನಾಲ್ಕಾರು ಊರುಗಳು ಸೇರಿ ಒಂದನ್ನು ಬಳಸುವುದು, ಹತ್ತಿರದಲ್ಲಿ ನಗರದ ಕೊಳಚೆ ಸಂಸ್ಕರಣ ಘಟಕವಿದ್ದರೆ ಲಾರಿಗಳನ್ನು ಅಲ್ಲಿಗೇ ಕಳಿಸುವುದು ಈ ರಾಜ್ಯದ ಕ್ರಮ. ಕೇಂದ್ರ ಸರ್ಕಾರದ ರಾಷ್ಟ್ರೀಯ ನೀತಿ ಬಂದದ್ದು 2017ರಲ್ಲಿ. ಬತ್ತಲಗುಂಡು, ಕಂಬಂ ಕಡೆಯ ಅಧ್ಯಾಪಕರು ದೇವನಹಳ್ಳಿಯ ಕ್ರಮವನ್ನು ಬೋಧಿಸುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಈ ಸೀಮೆಗೆ ದೊಡ್ಡ ಮಳೆ ಐಪ್ಪಸಿ, ಕಾರ್ತಿಕ ಮಾಸಗಳಲ್ಲಿ ಬರುತ್ತದೆ. ಆ ದಿನಗಳಲ್ಲಿ ತೆರೆದ ಪಾತಿ ಒಣಗದು. ಮೇಲೆ ಬೆಳಕು ತೂರುವ ಚಾವಣಿ ಬೇಕು.

ಗುಂಡಿಯ ಗಾಳಿ

ಪಾಠದ ಅತ್ಯಂತ ಗಂಭೀರ ಭಾಗ ಇದು. ಬೇರೆಲ್ಲವನ್ನು ಸಮಯವಿಲ್ಲದೆ ಬಿಟ್ಟರೂ ಇದನ್ನು ಬಿಡಕೂಡದು.

ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆಯುವಾಗ ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ. ಆಮ್ಲಜನಕ ಕಡಿಮೆಯಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ; ಹೆಚ್ಚಾದಾಗ ಅದು ಮೂಗಿನ ವಾಸನೆಯ ಶಕ್ತಿಯನ್ನೇ ಕುಂದಿಸುತ್ತದೆ. “ವಾಸನೆ ಹೋಯಿತು, ಇನ್ನು ಇಳಿಯಬಹುದು” ಎಂದು ತಿಳಿದವನು ಎರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಬಹುದು. ಹೂಳನ್ನು ಕೋಲಿನಿಂದ ಕಲಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಹೊರಬರುತ್ತದೆ. ಆದ್ದರಿಂದ ಇಳಿಯುವ ಮೊದಲು ಸರಿಯಿದ್ದ ಗಾಳಿ ಇಳಿದ ಮೇಲೆ ವಿಷವಾಗಬಲ್ಲದು. ಹಳೆಯ ಬಾವಿಗೆ ಇಳಿಯುವ ಮೊದಲು ದೀಪವನ್ನು ಇಳಿಬಿಟ್ಟು ನೋಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿದೆ. ಶೌಚಗುಂಡಿಯಲ್ಲಿ ಅದನ್ನು ಮಾಡಕೂಡದು. ಮೀಥೇನ್ ಉರಿಯುವ ಅನಿಲ.

ಇಂಥ ಸಾವುಗಳ ಸುದ್ದಿಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೆಂದರೆ, ಸತ್ತವರು ಒಬ್ಬರಲ್ಲ, ಇಬ್ಬರು ಮೂವರು. ಮೊದಲು ಇಳಿದವನು ಬಿದ್ದ, ಅವನನ್ನು ಎತ್ತಲು ತಮ್ಮನೋ, ಜೊತೆಗಾರನೋ ಇಳಿದ, ಅವನೂ ಬಿದ್ದ. ಅವರನ್ನು ಕೊಂದದ್ದು ಅವರ ಒಳ್ಳೆಯತನವೇ. ಗುಂಡಿಯಲ್ಲಿ ಯಾರಾದರೂ ಬಿದ್ದರೆ ತಾವು ಇಳಿಯದೆ, ಕೂಗಿ ಜನ ಸೇರಿಸಿ, ಅಗ್ನಿಶಾಮಕ ದಳವನ್ನು ಕರೆಯಬೇಕೆಂಬುದನ್ನು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಿರಬೇಕು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಲ ಹೊರುವ ಕೆಲಸಕ್ಕೆ ನೇಮಕವನ್ನು ನಿಷೇಧಿಸಿ ಪುನರ್ವಸತಿ ಕಲ್ಪಿಸುವ 2013ರ ಕಾಯ್ದೆಯ ಪ್ರಕಾರ ಯಾವ ವ್ಯಕ್ತಿಯಾಗಲಿ, ಸ್ಥಳೀಯ ಸಂಸ್ಥೆಯಾಗಲಿ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸೆರೆ, ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ತಪ್ಪಿದರೆ ಐದು ವರ್ಷ, ಐದು ಲಕ್ಷ. ಇಂಥ ಸಾವಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಶಾಲೆಯ ಟ್ಯಾಂಕ್ ಶುಚಿ ಮಾಡಿಸುವ ಮುಖ್ಯೋಪಾಧ್ಯಾಯರಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಕಡಿಮೆ ಹಣಕ್ಕೆ ಒಪ್ಪಿ “ನಾನೇ ಇಳಿದು ತೆಗೆಯುತ್ತೇನೆ” ಎನ್ನುವವನ ಒಪ್ಪಿಗೆ ಕಾನೂನಿನ ಕಣ್ಣಿನಲ್ಲಿ ಒಪ್ಪಿಗೆಯಲ್ಲ. ಹೂಳೆತ್ತುವ ಲಾರಿಗಾಗಿ 14420 ಎಂಬ ಸಹಾಯವಾಣಿ ಇದೆ.

ಯಾರು ಇಳಿಯುತ್ತಾರೆ?

ಗುಂಡಿಗೆ ಇಳಿಯುವವರು ಯಾವಾಗಲೂ ಒಂದೇ ಕೆಲವು ಜಾತಿಗಳವರು ಎಂಬ ಸತ್ಯವನ್ನು ಬಿಟ್ಟು ಈ ಪಾಠವನ್ನು ಪೂರ್ಣಗೊಳಿಸಲಾಗದು. ಒಣ ಶೌಚಾಲಯಗಳಿಂದ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಒಯ್ಯುವ ಪದ್ಧತಿ ಕನ್ನಡ ನಾಡಿನಲ್ಲಿಯೂ ಇತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಲ್ಲಿಸಲು ಕಟ್ಟುನಿಟ್ಟಿನ ಕ್ರಮ ಕೈಗೊಂಡರು. ಆದರೂ ಅದು ನಿಲ್ಲಲು ಬಹಳ ಕಾಲ ಹಿಡಿಯಿತು. ಕೋಲಾರದ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮ ಸುತ್ತಲಿನವರು ಮಾಡುತ್ತಿದ್ದ ಈ ಕೆಲಸವನ್ನು ಕಂಡು ಹೋರಾಟಕ್ಕಿಳಿದರು. ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲೇ 2014ರ ತೀರ್ಪು ಬಂದದ್ದು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ವಾಸಸ್ಥಳದಿಂದ ಎಬ್ಬಿಸುವುದನ್ನು ಪ್ರತಿಭಟಿಸಿ ಸಾರ್ವಜನಿಕವಾಗಿ ಮೈಮೇಲೆ ಮಲ ಸುರಿದುಕೊಂಡರು. ಊರಿನ ಮಲವನ್ನು ತಲೆಮಾರುಗಳ ಕಾಲ ಹೊತ್ತವರ ಮಾತನ್ನು ಕೇಳಿಸಲು ಬೇರೆ ದಾರಿ ಕಾಣದೆ ಹೋದ ದಿನ ಅದು.

ನೀರು ಸುರಿಯುವ ಶೌಚಾಲಯವೂ ಗುಂಡಿಯೂ ಬಂದದ್ದು ತಲೆಯ ಮೇಲಿನ ಆ ಬುಟ್ಟಿಯನ್ನು ಇಳಿಸಲೆಂದು. ಗುಂಡಿ ತುಂಬಿದಾಗ ಅದೇ ಮನೆಯ ಮಗನನ್ನು ಹಗ್ಗ ಕಟ್ಟಿ ಒಳಗಿಳಿಸಿದರೆ ಬುಟ್ಟಿಯ ಜಾಗಕ್ಕೆ ಹಗ್ಗ ಬಂದಿತು ಎಂದಷ್ಟೇ ಅರ್ಥ.

ತರಗತಿಯಲ್ಲಿ ಅಧ್ಯಾಪಕರು ಒಂದು ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ಲಾರಿಯಲ್ಲಿ ಕೆಲಸ ಮಾಡುವವರ, ಪಂಚಾಯತಿಯ ನೈರ್ಮಲ್ಯ ಕೆಲಸಗಾರರ ಮಕ್ಕಳು ಅದೇ ಬೆಂಚಿನಲ್ಲಿ ಕುಳಿತಿರಬಹುದು. “ಯಾರ ಅಪ್ಪ ಏನು ಕೆಲಸ ಮಾಡುತ್ತಾರೆ?” ಎಂದು ಈ ಪಾಠದಲ್ಲಿ ಕೇಳಲೇಬಾರದು. ಶಾಲೆಯ ಶೌಚಾಲಯ ತೊಳೆಯುವ ಕೆಲಸವನ್ನು ಯಾವುದೇ ಮಕ್ಕಳಿಗೆ ಹೇಳಬಾರದು. ಹೇಳಿದಾಗ ಅದು ಯಾವ ಮಕ್ಕಳ ಪಾಲಿಗೆ ಬರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಾರಿಯ ಯಂತ್ರ ಹೇಗೆ ಹೀರುತ್ತದೆ ಎಂಬುದನ್ನು ನಿರ್ವಾತದ ಪಾಠವಾಗಿ ಬೋಧಿಸಿದರೆ, ಆ ಯಂತ್ರವನ್ನು ನಡೆಸುವವನು ಕುಶಲಕರ್ಮಿಯಾಗಿ ಕಾಣುತ್ತಾನೆ. ತೊಟ್ಟಿಯಿಂದ ಗಾಳಿಯನ್ನು ಪಂಪು ಹೊರತೆಗೆಯುತ್ತದೆ. ಒಳಗಿನ ಒತ್ತಡ ಕುಗ್ಗುತ್ತದೆ. ಹೊರಗಿನ ವಾಯುಭಾರ ಹೂಳನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಎಳನೀರಿಗೆ ಹಾಕಿದ ಕೊಳವೆಯಲ್ಲಿ ಮಕ್ಕಳು ದಿನವೂ ಮಾಡುವುದು ಇದನ್ನೇ.

ಶಾಲೆಯ ಟ್ಯಾಂಕು

ಕೊನೆಯ ಚಟುವಟಿಕೆಗೆ ದೂರ ಹೋಗಬೇಕಿಲ್ಲ. ಶಾಲೆಯ ಆವರಣದ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಬರೆಸಿ, ಶೌಚಾಲಯ, ಟ್ಯಾಂಕು, ಇಂಗುಗುಂಡಿ, ಬೋರ್‌ವೆಲ್ ಅಥವಾ ಬಾವಿ, ಅಡುಗೆ ಕೋಣೆ ಇವುಗಳನ್ನು ಗುರುತಿಸಿ, ನಡುವಿನ ಅಂತರವನ್ನು ಹಗ್ಗದಿಂದ ಅಳೆಸಬಹುದು. ಟ್ಯಾಂಕಿನ ಮುಚ್ಚಳದ ಹತ್ತಿರಕ್ಕೆ ಮಕ್ಕಳನ್ನು ಬಿಡದೆ ಆ ಅಳತೆಯನ್ನು ಅಧ್ಯಾಪಕರೇ ಮಾಡಬೇಕು. ಶಿಥಿಲವಾದ ಚಪ್ಪಡಿ ಕುಸಿದು ಮಕ್ಕಳು ಬಿದ್ದ ದುರಂತಗಳು ಶಾಲೆಗಳಲ್ಲೇ ನಡೆದಿವೆ. ಚಪ್ಪಡಿ ಬಿರುಕು ಬಿಟ್ಟಿದ್ದರೆ ಅದೇ ದಿನ ಸುತ್ತ ಬೇಲಿ ಕಟ್ಟಿಸಿ ಲಿಖಿತವಾಗಿ ತಿಳಿಸಬೇಕು.

ಮನೆಗೆಲಸವಾಗಿ ಮೂರು ಪ್ರಶ್ನೆಗಳನ್ನು ಕೊಡಬಹುದು. ಮನೆಯ ಗುಂಡಿ ಯಾವ ಬಗೆಯದು? ಕೊನೆಯ ಬಾರಿ ಯಾವ ವರ್ಷ ತೆಗೆಸಿದರು? ಅಜ್ಜ ಅಜ್ಜಿಯ ಕಾಲದಲ್ಲಿ ಏನು ವ್ಯವಸ್ಥೆ ಇತ್ತು? ಮೂರನೆಯದಕ್ಕೆ ಬರುವ ಉತ್ತರಗಳಲ್ಲಿ ಹಳೆಯ ಕನ್ನಡ ಮಾತುಗಳು ಹಲವು ದೊರೆಯುತ್ತವೆ. ಅವನ್ನು ಭಾಷಾ ಪಾಠದ ಪುಸ್ತಕದಲ್ಲಿ ಬರೆದಿಡಬೇಕು. ಎರಡನೆಯದಕ್ಕೆ “ಗೊತ್ತಿಲ್ಲ” ಎಂಬ ಉತ್ತರವೇ ಹೆಚ್ಚಾಗಿ ಬಂದರೆ ಅದನ್ನೂ ಹಾಗೆಯೇ ಕೋಷ್ಟಕದಲ್ಲಿ ನಮೂದಿಸಬೇಕು. ಅದೇ ಪ್ರಶ್ನೆಯನ್ನು ಶಾಲೆಯ ಟ್ಯಾಂಕಿನ ಬಗ್ಗೆ ವಿದ್ಯಾರ್ಥಿಗಳು ಅಧ್ಯಾಪಕರನ್ನು ಕೇಳುವುದು ಖಂಡಿತ. ಆದ್ದರಿಂದ ಪಾಠಕ್ಕೆ ಮುಂಚಿನ ದಿನವೇ ಶಾಲೆಯ ದಾಖಲೆ ಪುಸ್ತಕವನ್ನು ತೆರೆದು, ಹೂಳು ತೆಗೆಸಿದ ದಿನಾಂಕವನ್ನೂ, ಲಾರಿ ಅದನ್ನು ಒಯ್ದ ಸ್ಥಳವನ್ನೂ ಹುಡುಕಿಟ್ಟುಕೊಳ್ಳುವುದು ಉಚಿತ.